ಇಟಲಿಯ ಮಡಚುವ ಚಾಕು: ಯಾವ ಊರಿನದೆಂದು ಗುರುತಿಸುವುದು ಹೇಗೆ?

ಇಟಲಿ ಪ್ರವಾಸಕ್ಕೆ ಹೋದವರಿಗೆ ಅಂಗಡಿಗಳಲ್ಲಿ ಕೊಂಬಿನ ಹಿಡಿಯ ಚಾಕುಗಳು ಕಣ್ಣಿಗೆ ಬಿದ್ದೇ ಬೀಳುತ್ತವೆ. ಮೇಲ್ನೋಟಕ್ಕೆ ಎಲ್ಲವೂ ಒಂದೇ ಥರ ಕಾಣುತ್ತವೆ. ಆದರೆ ಟಸ್ಕನಿಯ ಸ್ಕಾರ್ಪೆರಿಯಾ, ಉತ್ತರದ ಮಾನಿಯಾಗೊ, ದಕ್ಷಿಣದ ಫ್ರೊಸೊಲೊನೆ, ಸಾರ್ಡಿನಿಯಾ ದ್ವೀಪದ ಪಟ್ಟಾಡಾ ಹೀಗೆ ಚಾಕುವಿಗೇ ಹೆಸರಾದ ಊರುಗಳು ಅಲ್ಲಿ ಹಲವಿವೆ. ಹಿಡಿಯಲ್ಲಿ ಗುಂಡಿ ಇದ್ದು, ಒತ್ತಿದರೆ ಅಲಗು ಚಿಮ್ಮುವಂಥದ್ದನ್ನು ಪಕ್ಕಕ್ಕಿಡಿ. ಸಿನಿಮಾಗಳಲ್ಲಿ ಜಾಸ್ತಿ ಕಾಣುವುದು ಅದೇ, ನಾವು ಹುಡುಕುತ್ತಿರುವುದು ಅದಲ್ಲ.

ಮೊದಲು ಅಲಗಿನ ತುದಿ ನೋಡಿ. ಮೊನೆ ಇಲ್ಲದಿದ್ದರೆ ಮುರಿದಿದೆ ಅಂದುಕೊಳ್ಳಬೇಡಿ. ಚೂಪಾದ ಚಾಕು ಇಟ್ಟುಕೊಂಡು ಓಡಾಡುವುದನ್ನು ಇಟಲಿಯ ಸರ್ಕಾರ 1908ರಲ್ಲಿ ಬಿಗಿಯಾಗಿ ನಿರ್ಬಂಧಿಸಿತು. ಚಾಕು ಇಲ್ಲದೆ ರೈತರ, ಕುರಿಗಾಹಿಗಳ ದಿನ ಸಾಗದು, ಅಲ್ವಾ? ಹಾಗಾಗಿ ಕುಶಲಕರ್ಮಿಗಳು ಮೊನೆಯನ್ನೇ ಬಿಟ್ಟು ಅಲಗು ಮಾಡತೊಡಗಿದರು. ಸಾರ್ಡಿನಿಯಾದ ಗುಸ್ಪಿನಿ ಊರಿನ ಗುಸ್ಪಿನೇಸಾ ಚಾಕುವಿನ ಅಲಗು ಕ್ಷೌರದ ಕತ್ತಿಯಂತೆ ನೇರವಾಗಿ ಹೋಗಿ, ತುದಿಯಲ್ಲಿ ಮೊಂಡಾಗಿ ನಿಲ್ಲುತ್ತದೆ.

ಮೊನೆ ಇದ್ದರೆ ಅಲಗಿನ ಹೊಟ್ಟೆಯತ್ತ ಗಮನ ಕೊಡಿ. ಪಟ್ಟಾಡಾದ ಅಲಗು ಮಿರ್ಟಲ್ ಗಿಡದ ಎಲೆಯ ಆಕಾರದ್ದು: ಸಪೂರ, ಉದ್ದ, ತುದಿಗೆ ಚೂಪು. ಅದೇ ದ್ವೀಪದ ಆರ್ಬುಸ್ ಊರಿನದಕ್ಕೆ ಅಗಲವಾದ, ಉಬ್ಬಿದ ಹೊಟ್ಟೆ. ಚರ್ಮ ಸುಲಿಯುವ ಕೆಲಸಕ್ಕೆ ಅದು ಹೇಳಿ ಮಾಡಿಸಿದ ಆಕಾರ.

ಇನ್ನು ಹಿಡಿ. ನನಗೆ ಬಹಳ ಇಷ್ಟವಾದ ಭಾಗ ಇದೇ. ಚಾಕುವನ್ನು ಮಡಚಿ, ಬೆನ್ನು ಮೇಲೆ ಬರುವಂತೆ ಹಿಡಿದು ಬೆಳಕಿಗೆ ಒಡ್ಡಿ. ಪಟ್ಟಾಡಾದ ಚಾಕುವಿನಲ್ಲಿ ಎರಡು ಕೊಂಬಿನ ಹೋಳುಗಳ ನಡುವೆ ಒಂದು ಲೋಹದ ಪಟ್ಟಿ ಉದ್ದಕ್ಕೂ ಬಾಗಿಕೊಂಡು ಹೋಗಿರುತ್ತದೆ. ರಿವೆಟ್‌ಗಳು, ಅಂದರೆ ತಲೆ ಬಡಿದು ಕೂರಿಸಿದ ಲೋಹದ ಮೊಳೆಗಳು, ಮೂರನ್ನೂ ಕಚ್ಚಿ ಹಿಡಿದಿರುತ್ತವೆ. ಅಲಗು ಸೇರುವ ಕಡೆ ಲೋಹದ ಕಟ್ಟು ಇರುತ್ತದೆ, ಕೆಲವೊಮ್ಮೆ ಅದರ ಮೇಲೆ ಸಣ್ಣ ಕೆತ್ತನೆಯೂ ಇರುತ್ತದೆ. ಆರ್ಬುಸ್‌ನದರಲ್ಲಿ ಈ ಪಟ್ಟಿ ಕಾಣುವುದಿಲ್ಲ. ಇಡೀ ಹಿಡಿ ಒಂದೇ ತುಂಡು ಕೊಂಬು, ಅಲಗು ಕೂರಲು ಅದರಲ್ಲೇ ಗರಗಸದಿಂದ ಸೀಳು ಹಾಕಿರುತ್ತಾರೆ.

ಆಮೇಲೆ ಮೆಲ್ಲಗೆ ಬಿಚ್ಚಿ ನೋಡಿ. ಸ್ಕಾರ್ಪೆರಿಯಾ ಕಡೆಯ ಚಾಕುಗಳ ಬೆನ್ನಲ್ಲಿ ಸಾಮಾನ್ಯವಾಗಿ ಸ್ಪ್ರಿಂಗ್ ಇರುತ್ತದೆ, ಕೊನೆಯಲ್ಲಿ ‘ಟಕ್’ ಎಂದು ಅಲಗು ಕೂರುತ್ತದೆ. ಪಟ್ಟಾಡಾದ್ದರಲ್ಲಿ ಸ್ಪ್ರಿಂಗ್ ಇಲ್ಲ. ಕೀಲಿನ ಬಿಗಿತದಿಂದಲೇ ಅಲಗು ನಿಲ್ಲಬೇಕು. ಹಾಗಾಗಿ ಬಿಚ್ಚುವಾಗ ಮೊದಲಿನಿಂದ ಕೊನೆಯವರೆಗೂ ಒಂದೇ ಹದದ ಬಿಗಿ ಸಿಗಬೇಕು. ಅಲುಗಾಡಿದರೆ ಕೆಲಸ ಸರಿಯಿಲ್ಲ, ಇಲ್ಲವೇ ಕೀಲು ಸವೆದಿದೆ. ಸ್ಪ್ರಿಂಗ್ ಇರಲಿ, ಇಲ್ಲದಿರಲಿ, ಅಲಗಿಗೆ ಲಾಕ್ ಇಲ್ಲ ಎಂದೇ ತಿಳಿದು ಬೆರಳು ದೂರವಿಡಿ.

ಕೊಂಬು ಅಸಲಿಯೋ ಅಲ್ಲವೋ? ಅಸಲಿ ಕೊಂಬಿನ ಗೆರೆಗಳು ಎರಡೂ ಕಡೆ ಒಂದೇ ಸಮ ಇರುವುದಿಲ್ಲ, ಬಣ್ಣ ತಾನಾಗಿ ತಿಳಿಯಿಂದ ಗಾಢಕ್ಕೆ ತಿರುಗುತ್ತದೆ. ಅಚ್ಚಿನ ಪ್ಲಾಸ್ಟಿಕ್ಕಿನಲ್ಲಿ ಅಂಚಿನುದ್ದಕ್ಕೂ ಸಣ್ಣ ಏಣು ಸಿಗಬಹುದು, ಉಗುರು ಆಡಿಸಿ ನೋಡಿ. ಕಾದ ಸೂಜಿ ಚುಚ್ಚಿದರೆ ಅಸಲಿ ಕೊಂಬು ಸುಟ್ಟ ಕೂದಲಿನ ವಾಸನೆ ಬರುತ್ತದೆ, ನಿಜ. ಆದರೆ ಸುಮ್ನೆ ಒಳ್ಳೆಯ ಹಿಡಿಯನ್ನು ಹಾಳು ಮಾಡಬೇಡಿ.

ಕೊಂಡರೆ ವಿಮಾನದಲ್ಲಿ ಕೈಚೀಲಕ್ಕೆ ಹಾಕಬೇಡಿ, ಚೆಕ್‌ಇನ್ ಲಗೇಜಿನಲ್ಲಿಡಿ. ಸ್ಕಾರ್ಪೆರಿಯಾ ಮತ್ತು ಆರ್ಬುಸ್ ಎರಡರಲ್ಲೂ ಚಾಕುಗಳ ಮ್ಯೂಸಿಯಂ ಇದೆ. ಕೊಳ್ಳುವ ಮೊದಲೇ ಅಲ್ಲಿಗೊಮ್ಮೆ ಹೋಗಿ ಬನ್ನಿ.