ರನ್ನಿಂಗ್ ಶೂಗೆ ಹೊಸ ಇನ್‌ಸೋಲ್ ಹಾಕೋ ಮುಂಚೆ ಇಷ್ಟು ನೋಡ್ಕೊಳ್ಳಿ

ಅಂಗಡೀಲಿ ಹೆಬ್ಬೆರಳಲ್ಲಿ ಒತ್ತಿ ನೋಡಿ, ಮೆತ್ತಗಿದ್ಯಲ್ಲ ಅಂತ ಇನ್‌ಸೋಲ್ (ಶೂ ಒಳಗೆ ಪಾದದ ಕೆಳಗೆ ಹಾಕೋ ಹಾಸು) ತಗೊಳ್ಳೋರೇ ಜಾಸ್ತಿ, ಆದ್ರೆ ಮೆತ್ತಗಿರೋದೇ ಬೇರೆ ಸಪೋರ್ಟ್ ಕೊಡೋದೇ ಬೇರೆ. ಓಡುವಾಗ ಬೀಳೋ ಏಟು ತಡ್ಕೊಳ್ಳೋದು ಮುಖ್ಯವಾಗಿ ಅದರ ಕೆಳಗೆ ಶೂನಲ್ಲೇ ಇರೋ ದಪ್ಪ ಫೋಮ್ ಪದರ, ಅಂದ್ರೆ ಮಿಡ್‌ಸೋಲ್, ಇನ್‌ಸೋಲ್ ಕೆಲ್ಸ ಏನಂದ್ರೆ ಹಿಮ್ಮಡಿನ ಅಲ್ಲಾಡದ ಹಾಗೆ ಕೂರಿಸೋದು, ಭಾರ ಒಂದೇ ಕಡೆ ಬೀಳದ ಹಾಗೆ ಹಂಚೋದು. ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಓಡಿದ್ಮೇಲೆ ಮಿಡ್‌ಸೋಲ್ ಸತ್ತೋಗುತ್ತೆ, ಆಮೇಲೆ ಎಂಥಾ ದುಬಾರಿ ಇನ್‌ಸೋಲ್ ಹಾಕಿದ್ರೂ ದುಡ್ಡು ದಂಡ, ಶೂನೇ ಬದಲಾಯಿಸಿ.

ಮೊದ್ಲು ಹಳೇ ಇನ್‌ಸೋಲನ್ನ ಹಿಮ್ಮಡಿ ಕಡೆಯಿಂದ ಎತ್ತಿ ಆಚೆ ತೆಗೀರಿ. ಅದರ ಮೇಲೆ ಬಿದ್ದಿರೋ ಬೆರಳುಗಳ ಅಚ್ಚು ಅದರ ಅಂಚು ದಾಟಿದ್ರೆ ಶೂನೇ ಚಿಕ್ಕದು ಅಂತ ಅರ್ಥ, ದಪ್ಪ ಇನ್‌ಸೋಲ್ ಹಾಕಿದ್ರೆ ಇನ್ನೂ ಬಿಗಿಯಾಗುತ್ತೆ. ಆಮೇಲೆ ಪಾದ ಒದ್ದೆ ಮಾಡ್ಕೊಂಡು ನ್ಯೂಸ್‌ಪೇಪರ್ ಮೇಲೆ ನಿಂತ್ಕೊಳ್ಳಿ, ಇಡೀ ಪಾದ ಮೂಡಿದ್ರೆ ಚಪ್ಪಟೆ ಪಾದ, ಮಧ್ಯ ಹೊರಗಡೆ ಸಣ್ಣ ಪಟ್ಟಿ ಮಾತ್ರ ಬಂದ್ರೆ ಕಮಾನು (ಪಾದದ ಒಳಗಡೆ ಮಧ್ಯದ ಬಾಗು) ಎತ್ತರ. ಇದು ಬರೀ ಅಂದಾಜು ಅಷ್ಟೇ, ಮತ್ತೆ ಚಪ್ಪಟೆ ಪಾದ ಇದ್ದೂ ಎಲ್ಲೂ ನೋವಿಲ್ಲ ಅಂದ್ರೆ ಏನೂ ಮಾಡ್ಬೇಕಾಗಿಲ್ಲ, ಸುಮ್ನೆ ಹೆದರ್ಕೋಬೇಡಿ.

ತಗೊಳ್ಳುವಾಗ ಹಿಮ್ಮಡಿ ಕೂರೋ ಗುಂಡಿ ಆಳವಾಗಿದ್ಯಾ ನೋಡಿ, ಕಮಾನಿನ ಜಾಗ ಒತ್ತಿದ್ರೆ ಪೂರ್ತಿ ಕುಸೀಬಾರ್ದು. ಮೆಮೊರಿ ಫೋಮ್ ಹಾಕ್ಕೊಂಡ ತಕ್ಷಣ ಹಾಯಾಗಿರುತ್ತೆ ಆದ್ರೆ ಬೇಗ ಚಪ್ಪಟೆಯಾಗುತ್ತೆ, ಓಡೋಕೆ ಸ್ವಲ್ಪ ಗಟ್ಟಿ ಇರೋ ಇವಿಎ (ಹಗುರವಾದ, ರಬ್ಬರ್ ಥರದ ಪ್ಲಾಸ್ಟಿಕ್) ಫೋಮೇ ವಾಸಿ ಅಂತೀನಿ ನಾನು.

ಕತ್ತರಿಸೋದ್ರಲ್ಲಿ ಆತುರ ಬೇಡ. ಹಳೇದನ್ನ ಹೊಸದರ ಮೇಲೆ ಹಿಮ್ಮಡಿಗೆ ಹಿಮ್ಮಡಿ ಸರಿಯಾಗಿ ಇಟ್ಟು ಪೆನ್ನಲ್ಲಿ ಗೆರೆ ಎಳ್ಕೊಳ್ಳಿ, ಬೆರಳಿನ ಕಡೆ ಮಾತ್ರ ಗೆರೆಯಿಂದ ಚೂರು ಆಚೆಗೇ ಕತ್ತರಿಸಿ ಹಾಕಿ ನೋಡಿ, ಮಡಚ್ಕೊಂಡ್ರೆ ಇನ್ನೊಂಚೂರು ಕತ್ತರಿಸಿ. ಹಿಮ್ಮಡಿ ಕಡೆ ಕತ್ತರಿ ಹಾಕ್ಲೇಬೇಡಿ. ಹಳೇದ್ರ ಮೇಲೇನೇ ಹೊಸದು ಹಾಕೋದೂ ಬೇಡ, ಪಾದ ಮೇಲೆದ್ದು ಹಿಮ್ಮಡಿ ಜಾರುತ್ತೆ, ಬೊಬ್ಬೆ ಬರುತ್ತೆ. ಓಡೋ ಸಾಕ್ಸ್ ಹಾಕ್ಕೊಂಡು ಸಂಜೆ ಹೊತ್ತು ಟ್ರೈ ಮಾಡಿ, ಆಗ ಪಾದ ಸ್ವಲ್ಪ ಊದಿರುತ್ತೆ.

ಮೊದ್ಲ ದಿನವೇ ಹತ್ತು ಕಿಲೋಮೀಟರ್ ಓಡೋಕೆ ಹೋಗ್ಬೇಡಿ, ಮನೇಲಿ ಒಂದೆರಡು ಗಂಟೆ ಓಡಾಡಿ, ಆಮೇಲೆ ಸಣ್ಣ ರನ್, ಹಾಗೇ ಜಾಸ್ತಿ ಮಾಡ್ತಾ ಹೋಗಿ. ಮಳೇಲಿ ನೆಂದ್ರೆ ತೆಗ್ದು ನೆರಳಲ್ಲಿ ಒಣಗಿಸಿ, ವಾಷಿಂಗ್ ಮೆಷಿನ್‌ಗೆ ಹಾಕ್ಬೇಡಿ. ಬೆಳಗ್ಗೆ ಎದ್ದು ಮೊದ್ಲ ಹೆಜ್ಜೆ ಇಡುವಾಗ ಹಿಮ್ಮಡಿ ಚುಚ್ಚೋದು ವಾರಗಟ್ಲೆ ಹೋಗ್ಲಿಲ್ಲ ಅಂದ್ರೆ ಮೂಳೆ ಡಾಕ್ಟರ್‌ಗೆ ತೋರಿಸಿ, ಶುಗರ್ ಇದ್ದು ಪಾದ ಮರಗಟ್ಟೋರು ಮಾತ್ರ ದಯವಿಟ್ಟು ಡಾಕ್ಟರ್ ಕೇಳ್ದೆ ಯಾವ ಇನ್‌ಸೋಲೂ ಹಾಕ್ಬೇಡಿ, ಒಳಗೆ ಗಾಯ ಆದ್ರೂ ನಿಮ್ಗೆ ಗೊತ್ತಾಗಲ್ಲ.