ಗೇಮಿಂಗ್ ಪಿಸಿ ಮಾರಿ ಸ್ಟೀಮ್ ಡೆಕ್ ಇಟ್ಟುಕೊಂಡೆ: ನನ್ನ ಅನುಭವ

ಡೆಸ್ಕ್‌ಟಾಪ್ ಮಾರಿಬಿಟ್ಟೆ, ಈಗ ಕೈಯಲ್ಲಿ ಹಿಡಿದು ಆಡುವ ಪುಟ್ಟ ಕಂಪ್ಯೂಟರ್ ಆದ ಸ್ಟೀಮ್ ಡೆಕ್‌ನಲ್ಲೇ ಆಡುತ್ತೇನೆ ಅಂದರೆ ಎಲ್ಲರೂ ಮೊದಲು ಕೇಳುವುದು, "ಅಷ್ಟು ಚಿಕ್ಕದರಲ್ಲಿ ದೊಡ್ಡ ಗೇಮ್ ಓಡುತ್ತಾ?" ಅಂತ. ಓಡುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ. ನನ್ನ ತಲೆ ತಿಂದದ್ದು ಬೇರೆ ಲೆಕ್ಕ. ಮೇಜಿನ ಕೆಳಗಿದ್ದ ಆ ಡಬ್ಬ ಗೇಮ್ ಆಡಿಸುವುದರ ಜೊತೆಗೆ ಇನ್ನೂ ಏನೇನು ಕೆಲಸ ಮಾಡುತ್ತಿತ್ತು ಅನ್ನುವುದು.

ಮಾರುವ ಮುಂಚೆ ಕೂತು ಒಂದು ಪಟ್ಟಿ ಮಾಡಿದೆ. ಕಥೆ ಇರುವ ದೊಡ್ಡ ಗೇಮ್‌ಗಳು, ಸ್ಟ್ರಾಟೆಜಿ ಗೇಮ್‌ಗಳು, ಗೆಳೆಯರ ಜೊತೆಗಿನ ಆನ್‌ಲೈನ್ ಶೂಟರ್ ಒಂದು. ಇವು ಹೇಗೂ ನೆನಪಿದ್ದವು. ಆಮೇಲೆ ನೆನಪಾದವು: ಫೋಟೋಗಳೆಲ್ಲ ಅದರಲ್ಲೇ ಇದ್ದವು. ಪ್ರಿಂಟರ್ ಅದಕ್ಕೇ ಹೊಂದಿಸಿತ್ತು. ಉದ್ದದ ಫಾರಂ ತುಂಬುವುದು, ಒಂದಷ್ಟು ಲೆಕ್ಕದ ಶೀಟು, ಹಳೆಯ ಗೇಮ್‌ಗಳ ಸೇವ್ ಫೈಲುಗಳು, ಅಂದರೆ ಆಟ ಎಲ್ಲಿಗೆ ನಿಂತಿದೆ ಅನ್ನುವ ದಾಖಲೆ. ಗೇಮ್ ಕೊಳ್ಳುವ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ನನ್ನ ಲೈಬ್ರರಿಯನ್ನು ಕೊನೆಯ ಸಲ ಆಡಿದ ಕ್ರಮದಲ್ಲಿ ಜೋಡಿಸಿ ನೋಡಿದಾಗ ಇನ್ನೊಂದು ವಿಷಯ ಗೊತ್ತಾಯಿತು. ದುಬಾರಿ ಗ್ರಾಫಿಕ್ಸ್ ಕಾರ್ಡ್ ನಿಜವಾಗಲೂ ಬೇಕಾಗುವ ಗೇಮ್‌ಗಳು ಪಟ್ಟಿಯ ತಳದಲ್ಲಿದ್ದವು. ಮೇಲಿದ್ದವೆಲ್ಲ ಹಗುರ ಗೇಮ್‌ಗಳೇ. ನೀವೂ ಒಮ್ಮೆ ಹಾಗೆ ಜೋಡಿಸಿ ನೋಡಿ, ಸ್ವಲ್ಪ ಮುಜುಗರ ಆಗಬಹುದು.

ಈಗ ಶಕ್ತಿಯ ವಿಷಯ. ನನ್ನ ಪಿಸಿಯಲ್ಲಿದ್ದದ್ದು ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್. ಆ ಕಾರ್ಡ್ ಒಂದಕ್ಕೇ 170 ವಾಟ್ ಬೇಕು. ಡೆಕ್‌ನಲ್ಲಿ ಸಿಪಿಯು, ಗ್ರಾಫಿಕ್ಸ್ ನೋಡಿಕೊಳ್ಳುವ ಜಿಪಿಯು ಎರಡೂ ಒಂದೇ ಚಿಪ್‌ನಲ್ಲಿವೆ, ಆ ಚಿಪ್‌ಗೆ ಹೆಚ್ಚೆಂದರೆ 15 ವಾಟ್. ಹೀಗೆ ಅಂಕಿ ಇಟ್ಟರೆ ಹೋಲಿಕೆಯೇ ತಮಾಷೆ ಅನ್ನಿಸುತ್ತದೆ. ಆದರೆ ಆ ಕಾರ್ಡ್ ತುಂಬಿಸಬೇಕಿದ್ದದ್ದು 1440ಪಿ ಮಾನಿಟರ್, ಅಂದರೆ ಸುಮಾರು 37 ಲಕ್ಷ ಪಿಕ್ಸೆಲ್. ಡೆಕ್‌ನ ಪರದೆ 1280×800, ಹತ್ತು ಲಕ್ಷ ಚಿಲ್ಲರೆ. ಪರದೆ ಬರೀ 7.4 ಇಂಚು ಇರುವುದರಿಂದ ನೆರಳು, ಹುಲ್ಲು, ದೂರದ ಮರ ಇವುಗಳ ಸೆಟ್ಟಿಂಗ್ ಇಳಿಸಿದರೂ ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ. ಸೈಬರ್‌ಪಂಕ್ 2077ರಲ್ಲಂತೂ ಸ್ಟೀಮ್ ಡೆಕ್ ಅಂತಲೇ ಒಂದು ಸಿದ್ಧ ಸೆಟ್ಟಿಂಗ್ ಇದೆ. ಬಾಲ್ಡರ್ಸ್ ಗೇಟ್ 3 ತಯಾರಿಸಿದವರು 2025ರಲ್ಲಿ ಡೆಕ್‌ಗಾಗಿ ಪ್ರತ್ಯೇಕ ಆವೃತ್ತಿಯನ್ನೇ ಕೊಟ್ಟರು. ಆದರೆ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳನ್ನು ಲೆಕ್ಕ ಹಾಕಿ ಚಿತ್ರ ಬಿಡಿಸುವ ಭಾರದ ವಿಧಾನ) ಕಡ್ಡಾಯ ಮಾಡಿರುವ ಹೊಸ ಗೇಮ್‌ಗಳಲ್ಲಿ ಹಲವು ಇದಕ್ಕೆ ಭಾರ. ಅವನ್ನು ಬಿಟ್ಟುಬಿಡಲು ತಯಾರಿರಬೇಕು. ನಾನು ಬಿಟ್ಟೆ.

ಬಿಡಲು ಕಷ್ಟವಾದದ್ದು ಆನ್‌ಲೈನ್ ಶೂಟರ್. ಡೆಕ್‌ನಲ್ಲಿರುವುದು ವಿಂಡೋಸ್ ಅಲ್ಲ, ಆರ್ಚ್ ಲಿನಕ್ಸ್ ಮೇಲೆ ಕಟ್ಟಿದ ಸ್ಟೀಮ್ ಓಎಸ್. ವಿಂಡೋಸ್ ಗೇಮ್‌ಗಳನ್ನು ಪ್ರೋಟಾನ್ ಅನ್ನುವ ಪದರದ ಮೇಲೆ ಓಡಿಸುತ್ತದೆ. ಒಬ್ಬರೇ ಆಡುವ ಗೇಮ್‌ಗಳಿಗೆ ಈ ಪ್ರೋಟಾನ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆಂದರೆ, ಅದು ನಡುವೆ ಇದೆ ಅನ್ನುವುದೇ ಮರೆತುಹೋಗುತ್ತದೆ. ಕಷ್ಟ ಶುರುವಾಗುವುದು ಮೋಸದಾಟ ತಡೆಯುವ ಆಂಟಿ-ಚೀಟ್ ತಂತ್ರಾಂಶ ಇರುವಲ್ಲಿ. ಈಸಿ ಆಂಟಿ-ಚೀಟ್, ಬ್ಯಾಟಲ್‌ಐ ಎರಡಕ್ಕೂ ಪ್ರೋಟಾನ್‌ನಲ್ಲಿ ಓಡುವ ವ್ಯವಸ್ಥೆ ಇದೆ. ಆದರೆ ಗೇಮ್ ತಯಾರಿಸಿದವರು ಮನಸ್ಸು ಮಾಡಿ ಅದನ್ನು ಆನ್ ಮಾಡಬೇಕು. ವ್ಯಾಲರಂಟ್, ಫೋರ್ಟ್‌ನೈಟ್ ಇದರಲ್ಲಿ ಓಡುವುದಿಲ್ಲ. ಮೊದಲು ಓಡುತ್ತಿದ್ದದ್ದು ನಿಂತೂ ಹೋಗಬಹುದು: ಏಪೆಕ್ಸ್ ಲೆಜೆಂಡ್ಸ್ 2024ರಲ್ಲಿ ಲಿನಕ್ಸ್ ಬೆಂಬಲ ತೆಗೆದುಹಾಕಿತು. ಅದೇ ವರ್ಷ ಜಿಟಿಎ ಆನ್‌ಲೈನ್‌ಗೆ ಬ್ಯಾಟಲ್‌ಐ ಬಂತು, ಡೆಕ್‌ನವರು ಹೊರಗೆ ಉಳಿದರು. ಹಾಗಾಗಿ ಇವತ್ತು ಓಡುತ್ತಿದೆ ಅನ್ನುವುದನ್ನೇ ನಂಬಿ ಪಿಸಿ ಮಾರಬೇಡಿ. ನಮ್ಮ ಗುಂಪು ಆಡುತ್ತಿದ್ದ ಗೇಮ್ ಸಹ ಇಲ್ಲಿ ಓಡುವುದಿಲ್ಲ. ಗೆಳೆಯರ ಜೊತೆ ಮಾತಾಡಿ, ಎಲ್ಲರ ಬಳಿಯೂ ಓಡುವ, ಒಂದೇ ತಂಡವಾಗಿ ಆಡುವ ಬೇರೆ ಕೋ-ಆಪ್ ಗೇಮ್‌ಗೆ ಹೋದೆವು. ಅವರು ಒಪ್ಪದಿದ್ದರೆ ಪಿಸಿ ಇವತ್ತೂ ಮೇಜಿನ ಕೆಳಗೇ ಇರುತ್ತಿತ್ತು. ವಿಂಡೋಸ್ ಇರುವ ಆರ್‌ಒಜಿ ಅಲೈ ಥರದ, ಕೈಯಲ್ಲಿ ಹಿಡಿಯುವ ಯಂತ್ರಗಳಲ್ಲಿ ಈ ತಾಪತ್ರಯ ಇಲ್ಲ. ಆಂಟಿ-ಚೀಟ್ ಗೇಮ್‌ಗಳೇ ನಿಮ್ಮ ಮುಖ್ಯ ಆಟವಾದರೆ ಆ ಕಡೆ ನೋಡಿ.

ಸೇವ್ ಫೈಲುಗಳ ಸಾಗಣೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದನ್ನು ಪಿಸಿ ಇನ್ನೂ ಕೈಯಲ್ಲಿರುವಾಗಲೇ ಮಾಡಬೇಕು. ಸೇವ್‌ಗಳನ್ನು ಇಂಟರ್ನೆಟ್‌ನಲ್ಲಿ ಇಟ್ಟುಕೊಳ್ಳುವ ಸ್ಟೀಮ್ ಕ್ಲೌಡ್ ಇರುವ ಗೇಮ್‌ಗಳಿಗೆ ಏನೂ ಮಾಡಬೇಕಿಲ್ಲ, ತಾವಾಗೇ ಬರುತ್ತವೆ. ಗೇಮ್‌ಗಳನ್ನು ಕೂಡ ಮತ್ತೆ ಇಂಟರ್ನೆಟ್‌ನಿಂದ ಇಳಿಸಬೇಕಿಲ್ಲ. ಎರಡೂ ಯಂತ್ರ ಒಂದೇ ವೈಫೈನಲ್ಲಿ ಇದ್ದು, ಎರಡರಲ್ಲೂ ಸ್ಟೀಮ್ ತೆರೆದಿದ್ದರೆ ಪಿಸಿಯಿಂದ ಡೆಕ್‌ಗೆ ನೇರ ನಕಲಾಗುತ್ತವೆ. ಪೇಚಾಟ ಇರುವುದು ಕ್ಲೌಡ್ ಇಲ್ಲದ ಹಳೆಯ ಗೇಮ್‌ಗಳದ್ದು. ವಿಂಡೋಸ್‌ನಲ್ಲಿ ಅವುಗಳ ಸೇವ್ ಸಾಮಾನ್ಯವಾಗಿ ಡಾಕ್ಯುಮೆಂಟ್ಸ್ ಅಥವಾ ಆ್ಯಪ್‌ಡೇಟಾ ಫೋಲ್ಡರ್‌ನಲ್ಲಿ ಇರುತ್ತದೆ. ಡೆಕ್‌ನಲ್ಲಿ ಪ್ರೋಟಾನ್ ಪ್ರತಿ ಗೇಮ್‌ಗೂ ಒಂದೊಂದು ಪುಟ್ಟ ಸುಳ್ಳು ವಿಂಡೋಸ್ ಕಟ್ಟಿಕೊಡುತ್ತದೆ. ಅದು ಸ್ಟೀಮ್‌ಆ್ಯಪ್ಸ್ ಒಳಗಿನ ಕಾಂಪ್ಯಾಟ್‌ಡೇಟಾ ಫೋಲ್ಡರ್‌ನಲ್ಲಿ ಕೂತಿರುತ್ತದೆ. ಅಲ್ಲಿಗೆ ಹೋದರೆ ಗೇಮ್‌ಗಳ ಹೆಸರೇ ಕಾಣುವುದಿಲ್ಲ, ಬರೀ ನಂಬರ್. ಗೇಮ್‌ನ ಸ್ಟೋರ್ ಪುಟದ ವಿಳಾಸದಲ್ಲಿ ಇರುವ ನಂಬರ್ ಅದೇ. ನಾನು ಮೊದಲು ಗೇಮನ್ನು ಡೆಕ್‌ನಲ್ಲಿ ಒಮ್ಮೆ ತೆರೆದು, ಹೊಸ ಆಟ ಶುರು ಮಾಡಿ, ಸೇವ್ ಮಾಡಿ ಮುಚ್ಚುತ್ತಿದ್ದೆ. ಆಗ ಫೋಲ್ಡರ್ ತಾನೇ ಹುಟ್ಟುತ್ತದೆ. ಆಮೇಲೆ ಡೆಕ್ ಅನ್ನು ಸಾಮಾನ್ಯ ಕಂಪ್ಯೂಟರಿನಂತೆ ತೋರಿಸುವ ಡೆಸ್ಕ್‌ಟಾಪ್ ಮೋಡ್‌ಗೆ ಹೋಗಿ ಆ ನಂಬರಿನ ಒಳಗೆ, ಸಿ ಡ್ರೈವ್, ಯೂಸರ್ಸ್, ಸ್ಟೀಮ್‌ಯೂಸರ್ ಅಂತ ಇಳಿದು, ಹೊಸ ಸೇವ್ ಇದ್ದ ಜಾಗದಲ್ಲೇ ಪೆನ್‌ಡ್ರೈವ್‌ನಿಂದ ಹಳೆಯದನ್ನು ಹಾಕುವುದು. ಮತ್ತೆ ತೆರೆದರೆ ಹಳೆಯ ಆಟ ಹಾಜರು. ಒಂದು ಎಚ್ಚರಿಕೆ: ಕಾಂಪ್ಯಾಟ್‌ಡೇಟಾ ಜಾಗ ತಿನ್ನುತ್ತಿದೆ ಅಂತ ಸುಮ್ನೆ ಅಳಿಸಬೇಡಿ. ಕ್ಲೌಡ್ ಇಲ್ಲದ ಸೇವ್‌ಗಳೂ ಅದರ ಜೊತೆಗೇ ಹೋಗುತ್ತವೆ.

ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವ ವಿಷಯದಲ್ಲಿ ಪಿಸಿಯ ಅಭ್ಯಾಸವನ್ನು ಬದಲಾಯಿಸಬೇಕಾಯಿತು. ಅಲ್ಲಿ 60ಕ್ಕಿಂತ ಕೆಳಗೆ ಬಂದರೆ ಮುಖ ಸಿಂಡರಿಸುತ್ತಿದ್ದೆ. ಇಲ್ಲಿ ಭಾರದ ಗೇಮ್‌ಗಳನ್ನು 40ಕ್ಕೆ ಕಟ್ಟಿಹಾಕುತ್ತೇನೆ. 30ಕ್ಕೂ 60ಕ್ಕೂ ನಡುವೆ 45 ಇದೆ ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ಕಣ್ಣಿಗೆ ಲೆಕ್ಕ ಬರುವುದು ಒಂದು ಚಿತ್ರದಿಂದ ಇನ್ನೊಂದಕ್ಕೆ ಹಿಡಿಯುವ ಸಮಯದಲ್ಲಿ. 30ರಲ್ಲಿ ಅದು 33.3 ಮಿಲಿಸೆಕೆಂಡ್, 60ರಲ್ಲಿ 16.7. ಇವೆರಡರ ಸರಿಯಾದ ನಡು 25, ಅಂದರೆ 40 ಫ್ರೇಮ್. 30ರ ಮೇಲೆ ಬರೀ ಹತ್ತು ಫ್ರೇಮ್ ಜಾಸ್ತಿ ಕೊಟ್ಟು ಅರ್ಧ ದಾರಿ ಬಂದಹಾಗೆ. ನನ್ನದು ಒಎಲ್ಇಡಿ ಡೆಕ್, 90 ಹರ್ಟ್ಸ್ ಪರದೆ, ಅಂದರೆ ಸೆಕೆಂಡಿಗೆ 90 ಸಲ ಚಿತ್ರ ಬದಲಿಸಬಲ್ಲದು. 40 ಅಂತ ಮಿತಿ ಇಟ್ಟರೆ ಪರದೆ ತಾನೇ 80 ಹರ್ಟ್ಸ್‌ಗೆ ಇಳಿಯುತ್ತದೆ, ಪ್ರತಿ ಚಿತ್ರವನ್ನೂ ಎರಡೆರಡು ಸಲ ತೋರಿಸುತ್ತದೆ, ಎಲ್ಲೂ ಕುಲುಕಾಟ ಇಲ್ಲ. ಮೂರು ಚುಕ್ಕೆಯ ಬಟನ್ ಒತ್ತಿದರೆ ಇದೆಲ್ಲ ಬಲಗಡೆ ತೆರೆದುಕೊಳ್ಳುತ್ತದೆ, ಗೇಮ್ ನಿಲ್ಲಿಸಬೇಕಿಲ್ಲ.

ಅದೇ ಜಾಗದಲ್ಲಿ ವಾಟ್ ಮಿತಿಯೂ ಇದೆ. ಬ್ಯಾಟರಿ 50 ವಾಟ್-ಅವರ್. ಇಡೀ ಯಂತ್ರ 25 ವಾಟ್ ಎಳೆದರೆ ಎರಡು ಗಂಟೆ, 10 ವಾಟ್ ಎಳೆದರೆ ಐದು ಗಂಟೆ. ಗಣಿತ ಅಷ್ಟೇ ಸರಳ. ಸ್ಟಾರ್‌ಡ್ಯೂ ವ್ಯಾಲಿಯಂಥ ಗೇಮ್‌ಗೆ ಚಿಪ್‌ಗೆ 15 ವಾಟ್ ಕೊಡುವ ಅಗತ್ಯವೇ ಇಲ್ಲ. ನಾನು ಮಿತಿಯನ್ನು ಒಂದೊಂದೇ ವಾಟ್ ಇಳಿಸುತ್ತಾ ಹೋಗಿ, ಆಟ ತಡವರಿಸಲು ಶುರುವಾದ ಕಡೆಯಿಂದ ಒಂದು ಮೆಟ್ಟಿಲು ಮೇಲೆ ನಿಲ್ಲಿಸುತ್ತೇನೆ. ಪ್ರತಿ ಗೇಮ್‌ಗೂ ಬೇರೆ ಬೇರೆ ಪ್ರೊಫೈಲ್ ಇಟ್ಟುಕೊಳ್ಳುವ ಸ್ವಿಚ್ ಅಲ್ಲೇ ಇದೆ, ಅದನ್ನು ಆನ್ ಮಾಡಿಯೇ ಇಳಿಸಿ.

ಇಷ್ಟೆಲ್ಲ ಇದ್ದರೂ ನನ್ನ ಆಟವನ್ನು ನಿಜಕ್ಕೂ ಬದಲಾಯಿಸಿದ್ದು ಪವರ್ ಬಟನ್. ಒಮ್ಮೆ ಒತ್ತಿದರೆ ಆಟದ ನಡುವೆಯೇ ನಿದ್ದೆಗೆ ಹೋಗುತ್ತದೆ. ಮತ್ತೆ ಒತ್ತಿದರೆ ಕೆಲವೇ ಸೆಕೆಂಡಿನಲ್ಲಿ ಅದೇ ಜಾಗ, ಅದೇ ಕ್ಷಣ. ಪಿಸಿಯಲ್ಲಿ ಆಡುವುದು ಅಂದರೆ ಕುರ್ಚಿಗೆ ಹೋಗಬೇಕು, ಆನ್ ಮಾಡಬೇಕು, ಅಪ್‌ಡೇಟ್ ನೋಡಬೇಕು, ಗೇಮ್ ಲೋಡ್ ಆಗಬೇಕು. ಒಂದು ಗಂಟೆ ಖಾಲಿ ಇಲ್ಲದಿದ್ದರೆ ಆ ಕಡೆ ಹೋಗುತ್ತಲೇ ಇರಲಿಲ್ಲ. ಈಗ ಅನ್ನ ಬೇಯುವಷ್ಟು ಹೊತ್ತು ಸಿಕ್ಕರೂ ಹೇಡಿಸ್ ಗೇಮ್‌ನಲ್ಲಿ ಒಂದೆರಡು ಕೋಣೆ ದಾಟಿ ಡೆಕ್ ಅನ್ನು ಮಲಗಿಸುತ್ತೇನೆ. ವರ್ಷಗಟ್ಟಲೆ ಅರ್ಧಕ್ಕೆ ನಿಂತಿದ್ದ ದೊಡ್ಡ ಆರ್‌ಪಿಜಿಗಳು (ಒಂದು ಪಾತ್ರವಾಗಿ ಆಡುವ ಉದ್ದದ ಕಥೆಯ ಗೇಮ್‌ಗಳು) ಹೀಗೆ ಚೂರು ಚೂರಾಗಿ ಮುಗಿದವು. ಆನ್‌ಲೈನ್ ಆಟಕ್ಕೆ ಈ ಸುಖ ಇಲ್ಲ ಅನ್ನಿ. ಮಲಗಿಸಿದರೆ ಸರ್ವರ್‌ನಿಂದ ಸಂಪರ್ಕ ಕಡಿಯುತ್ತದೆ.

ಸ್ಟ್ರಾಟೆಜಿ ಗೇಮ್‌ಗಳಿಗೆ ಮೌಸ್ ಇಲ್ಲದೆ ಹೇಗೆ ಅಂತ ನನಗೂ ಅನುಮಾನ ಇತ್ತು. ಡೆಕ್‌ನ ಎರಡು ಟ್ರ್ಯಾಕ್‌ಪ್ಯಾಡ್ ಅದಕ್ಕೆ ಸಾಕು. ಬಲಗಡೆಯದು ಮೌಸ್, ಎಡಗಡೆಯದರಲ್ಲಿ ಶಾರ್ಟ್‌ಕಟ್‌ಗಳ ದುಂಡನೆಯ ಮೆನು. ಸಿವಿಲೈಸೇಶನ್ 6 ಹೀಗೆ ಆರಾಮಾಗಿ ಆಡುತ್ತೇನೆ. ಸರಸರ ಕ್ಲಿಕ್ ಮಾಡಬೇಕಾದ ರಿಯಲ್ ಟೈಮ್ ಗೇಮ್‌ಗಳು ಬೇಡ, ಕೈ ನೋಯುತ್ತದೆ. ಗುರಿ ಇಡುವುದಕ್ಕೆ, ಯಂತ್ರ ಓರೆಯಾಗುವುದನ್ನು ಗುರುತಿಸುವ ಗೈರೋ ಸೆನ್ಸರ್ ಹೊಂದಿಸಿಕೊಂಡಿದ್ದೇನೆ: ಬಲಗಡೆ ಸ್ಟಿಕ್‌ನ ತಲೆ ಮೇಲೆ ಹೆಬ್ಬೆರಳು ಇಟ್ಟಾಗ ಮಾತ್ರ ಅದು ಎಚ್ಚರವಾಗುತ್ತದೆ. ಸ್ಟಿಕ್‌ನಿಂದ ಶತ್ರುವಿನ ಹತ್ತಿರಕ್ಕೆ ಒಯ್ದು, ಕೊನೆಯ ಕೂದಲೆಳೆಯಷ್ಟನ್ನು ಮಣಿಕಟ್ಟು ತಿರುಗಿಸಿ ಸರಿಮಾಡುವುದು. ಇದು ಕೈಗೆ ಹತ್ತಲು ಸಮಯ ಬೇಕು, ಹತ್ತಿದ ಮೇಲೆ ಬರೀ ಸ್ಟಿಕ್‌ಗೆ ವಾಪಸ್ ಹೋಗಲು ಆಗುವುದಿಲ್ಲ. ಅಕ್ಷರ ತೀರಾ ಸಣ್ಣದಿದ್ದರೆ ಸ್ಟೀಮ್ ಬಟನ್ ಜೊತೆ ಎಲ್1 ಒತ್ತಿ, ಭೂತಗನ್ನಡಿ ಬರುತ್ತದೆ. ಕೆಲವು ಗೇಮ್‌ಗಳಿಗೆ ಅದು ಬೇಕೇ ಬೇಕು.

ಇನ್ನು ಡಾಕ್, ಅಂದರೆ ಡೆಕ್ ಅನ್ನು ಮಾನಿಟರ್, ಕೀಬೋರ್ಡ್‌ಗೆ ಜೋಡಿಸುವ ಸಾಧನ. ಹಳೆಯ ಮಾನಿಟರ್‌ಗೆ ಸಿಕ್ಕಿಸಿದರೆ ಪಿಸಿ ಆಗಿಬಿಡುತ್ತದೆ ಅನ್ನುವ ಮಾತು ಅರ್ಧ ನಿಜ. ಎಚ್‌ಡಿಎಂಐ, ಒಂದೆರಡು ಯುಎಸ್‌ಬಿ ಮತ್ತು ಪವರ್ ಡೆಲಿವರಿ ಇರುವ ಸಾಮಾನ್ಯ ಯುಎಸ್‌ಬಿ-ಸಿ ಹಬ್ ಸಾಕು, ಡೆಕ್‌ನ 45 ವಾಟ್ ಚಾರ್ಜರ್ ಅದಕ್ಕೇ ಸಿಕ್ಕಿಸಬಹುದು. ಆದರೆ ಚಿಪ್ ಅದೇ, ಪಿಕ್ಸೆಲ್ ಮಾತ್ರ ಮೂರೂವರೆ ಪಟ್ಟು ಜಾಸ್ತಿ. ಕೈಯಲ್ಲಿ ಚೆಂದ ಕಂಡದ್ದು ದೊಡ್ಡ ಪರದೆಯಲ್ಲಿ ಮಸುಕಾಗುತ್ತದೆ. ಭಾರದ ಗೇಮ್‌ಗಳನ್ನು 720ಪಿಯಲ್ಲೇ ಇಟ್ಟು, ಚಿತ್ರ ದೊಡ್ಡದು ಮಾಡುವ ಎಫ್ಎಸ್ಆರ್ ಎಂಬ ತಂತ್ರದಿಂದ ಹಿಗ್ಗಿಸಿ, ಸ್ವಲ್ಪ ದೂರ ಕೂತು ಕಂಟ್ರೋಲರ್‌ನಲ್ಲಿ ಆಡಿದರೆ ಸಹಿಸಬಹುದು. ಮೇಜಿನ ಹತ್ತಿರ ಕೂತರೆ ಆಗುವುದಿಲ್ಲ. ನಾನು ಡಾಕ್ ಬಳಸುವುದು ಹೆಚ್ಚಾಗಿ ಪಟ್ಟಿಯಲ್ಲಿದ್ದ ಆ ಇತರ ಕೆಲಸಗಳಿಗೆ. ಡೆಸ್ಕ್‌ಟಾಪ್ ಮೋಡ್‌ನಲ್ಲಿ ಬರುವುದು ಕೆಡಿಇ ಪ್ಲಾಸ್ಮಾ ಎಂಬ ಲಿನಕ್ಸ್ ಡೆಸ್ಕ್‌ಟಾಪ್. ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲ ಅದರ ಆ್ಯಪ್ ಅಂಗಡಿಯಾದ ಡಿಸ್ಕವರ್‌ನಿಂದ ಹಾಕಿಕೊಳ್ಳಬಹುದು. ಫಾರಂ, ಶೀಟು ಎಲ್ಲ ಸಲೀಸು. ಪ್ರಿಂಟರ್ ತಂಟೆಗೆ ಮಾತ್ರ ಹೋಗಿಲ್ಲ. ಸಿಸ್ಟಮ್ ಭಾಗ ಬರೆಯಲಾಗದಂತೆ ಬೀಗ ಹಾಕಿರುತ್ತದೆ. ಬೀಗ ತೆಗೆದು ಡ್ರೈವರ್ ಹಾಕಿದರೂ ಮುಂದಿನ ಅಪ್‌ಡೇಟ್ ಅದನ್ನು ಗುಡಿಸಿಹಾಕಬಹುದು. ಪ್ರಿಂಟ್ ಈಗ ಫೋನ್‌ನಿಂದ. ಫೋಟೋಗಳು ಹೊರಗಿನ ಎರಡು ಹಾರ್ಡ್ ಡಿಸ್ಕ್‌ನಲ್ಲಿ, ಒಂದರ ನಕಲು ಇನ್ನೊಂದು. ಡಾಕ್‌ನಲ್ಲೇ ಜಾಸ್ತಿ ಹೊತ್ತು ಇಡುವವರು ಸೆಟ್ಟಿಂಗ್‌ನಲ್ಲಿ ಚಾರ್ಜ್ ಮಿತಿಯನ್ನು ಶೇಕಡಾ 80ಕ್ಕೆ ಇಡಿ, ಬ್ಯಾಟರಿಗೆ ಒಳ್ಳೆಯದು.

ಕತ್ತಿನ ಬಗ್ಗೆ ಯಾರೂ ಹೇಳುವುದಿಲ್ಲ. 640 ಗ್ರಾಂ ಕೈಗೆ ಭಾರವಲ್ಲ, ಆದರೆ ತೊಡೆ ಮೇಲಿಟ್ಟು ತಲೆ ಬಗ್ಗಿಸಿ ಕೂತರೆ ಕತ್ತು ಹಿಡಿಯುತ್ತದೆ. ಮಡಿಲಲ್ಲಿ ದಪ್ಪ ದಿಂಬು ಇಟ್ಟು ಅದರ ಮೇಲೆ ಮೊಣಕೈ ಊರಿ, ಪರದೆ ಎದೆಮಟ್ಟಕ್ಕೆ ಬಂದರೆ ಸರಿಹೋಗುತ್ತದೆ.

ಪಿಸಿಯಂತೆ ಬಿಡಿಭಾಗ ಬದಲಿಸುತ್ತಾ ವರ್ಷಗಟ್ಟಲೆ ಎಳೆಯುವುದು ಇಲ್ಲಿ ಸಾಧ್ಯವಿಲ್ಲ. ಚಿಪ್, ರ್‍ಯಾಮ್ ಎರಡೂ ಬೋರ್ಡಿಗೆ ಬೆಸೆದಿವೆ. ಬ್ಯಾಟರಿ ಅಂಟು ಹಾಕಿ ಕೂರಿಸಿದ್ದು, ಅದನ್ನು ಬಿಡಿಸುವುದು ನಾಜೂಕಿನ ಕೆಲಸ. ಗೇಮ್, ಫೈಲು ಕೂರುವ ಎಸ್‌ಎಸ್‌ಡಿ ಮಾತ್ರ ಬದಲಿಸಬಹುದು, 2230 ಅಳತೆಯದೇ ಬೇಕು. ಲ್ಯಾಪ್‌ಟಾಪ್‌ಗಳಲ್ಲಿ ಬರುವ ಉದ್ದನೆಯ 2280 ಕೂರುವುದಿಲ್ಲ. ನಾನು ಬದಲಿಸಿದೆ. ಮೊದಲು ಬಯೋಸ್‌ಗೆ (ಯಂತ್ರದ ಮೂಲ ಸೆಟ್ಟಿಂಗ್‌ಗಳ ಪುಟ) ಹೋಗಿ ಬ್ಯಾಟರಿಯನ್ನು ಸ್ಟೋರೇಜ್ ಮೋಡ್‌ಗೆ ಹಾಕಿ, ಆಮೇಲೆ ಸ್ಕ್ರೂ ಬಿಚ್ಚಿ. ಅದಕ್ಕೂ ಮುಂಚೆ ಮೈಕ್ರೋ ಎಸ್‌ಡಿ ಕಾರ್ಡ್ ಹೊರಗೆ ತೆಗೆದಿಡಿ. ಅದು ಒಳಗಿದ್ದಾಗ ಹಿಂಬದಿಯ ಕವಚ ಎತ್ತಿದರೆ ಕಾರ್ಡ್ ಎರಡು ತುಂಡಾಗುತ್ತದೆ.