ಯುವಜನರ ಅಂತಾರಾಷ್ಟ್ರೀಯ ಆರೋಗ್ಯ ಸಮಾವೇಶ: ಮೊದಲು ಹಕ್ಕೊತ್ತಾಯ, ಆಮೇಲೆ ಸಭಾಂಗಣ

ಸಭಾಂಗಣ ಗೊತ್ತು ಮಾಡುವ ಮೊದಲು ಒಂದೇ ಒಂದು ವಾಕ್ಯ ಬರೆಯಿರಿ: ಯಾರು, ಏನನ್ನು, ಯಾವ ದಿನಾಂಕದೊಳಗೆ ಮಾಡಬೇಕು? "ಯುವಜನರ ಆರೋಗ್ಯಕ್ಕೆ ಆದ್ಯತೆ ಸಿಗಲಿ" ಎಂದರೆ ಅದು ಹಾರೈಕೆ. ಯಾವ ಮಂತ್ರಿಯೂ ಅದಕ್ಕೆ ಇಲ್ಲ ಅನ್ನುವುದಿಲ್ಲ, ಏನೂ ಮಾಡುವುದೂ ಇಲ್ಲ. "ಶಾಲೆಗಳ ಸುತ್ತ ತಂಬಾಕು ಜಾಹೀರಾತು ನಿಷೇಧಿಸುವ ನಿಯಮವನ್ನು ಆರೋಗ್ಯ ಸಚಿವಾಲಯ ಈ ವರ್ಷದೊಳಗೆ ಹೊರಡಿಸಲಿ" ಎಂದರೆ ಹಕ್ಕೊತ್ತಾಯ. ಹಲವು ದೇಶದವರು ಸೇರುವಾಗ ಒತ್ತಾಯದ ಬೆನ್ನೆಲುಬು ಒಂದೇ ಇರಲಿ. ಯಾರಿಗೆ ಸಲ್ಲಿಸಬೇಕು, ಯಾವಾಗ ಎಂಬ ಜಾಗವನ್ನು ಖಾಲಿ ಬಿಟ್ಟು, ಪ್ರತಿ ದೇಶದ ತಂಡವೇ ತುಂಬಲಿ. ಒಂದು ದೇಶದಲ್ಲಿ ಕಾನೂನೇ ಇರುವುದಿಲ್ಲ, ಇನ್ನೊಂದರಲ್ಲಿ ಕಾನೂನಿದ್ದೂ ಜಾರಿಯಾಗಿರುವುದಿಲ್ಲ.

ದಿನಾಂಕವನ್ನೂ ಆ ವಾಕ್ಯದಿಂದಲೇ ಹಿಂದಕ್ಕೆ ಎಣಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ ಸಾಮಾನ್ಯವಾಗಿ ಮೇ ತಿಂಗಳಲ್ಲಿ ಜಿನೀವಾದಲ್ಲಿ ಸೇರುತ್ತದೆ. ಅಲ್ಲಿ ಚರ್ಚೆಗೆ ಬರುವ ವಿಷಯಗಳಿಗೆ ಜನವರಿ ಸುಮಾರಿಗೆ ಸೇರುವ ಅದೇ ಸಂಸ್ಥೆಯ ಕಾರ್ಯಕಾರಿ ಮಂಡಳಿಯಲ್ಲೇ ರೂಪ ಸಿಕ್ಕಿರುತ್ತದೆ. ಅಲ್ಲಿ ದನಿ ಮುಟ್ಟಿಸಬೇಕಿದ್ದರೆ ಸಮಾವೇಶ ಹಿಂದಿನ ಅಕ್ಟೋಬರ್ ಹೊತ್ತಿಗೆ ಮುಗಿದಿರಬೇಕು. ಮೇ 31ರ ತಂಬಾಕು ರಹಿತ ದಿನದಂಥ ದಿನಾಚರಣೆಗೆ ಜೋಡಿಸಿದರೆ ಫೋಟೊ ಚೆನ್ನಾಗಿ ಬರುತ್ತದೆ. ಆದರೆ ಸರ್ಕಾರದ ಬಜೆಟ್ ಅಷ್ಟರೊಳಗೆ ಮುಗಿದುಹೋಗಿರಬಹುದು.

ಯಾರನ್ನು ಕರೆಯುವುದು

ವಿಶ್ವಸಂಸ್ಥೆಯ ಅಂಕಿಅಂಶಗಳಲ್ಲಿ ಯುವಜನ ಎಂದರೆ 15ರಿಂದ 24 ವರ್ಷ. ಆಫ್ರಿಕನ್ ಒಕ್ಕೂಟದ ಯುವ ಸನ್ನದಿನಲ್ಲಿ 15ರಿಂದ 35. ವಯೋಮಿತಿಯನ್ನು ಅರ್ಜಿಯಲ್ಲೇ ಸ್ಪಷ್ಟವಾಗಿ ಬರೆಯದಿದ್ದರೆ 34ರ ಅನುಭವಿಯೂ 16ರ ಹುಡುಗಿಯೂ ಒಂದೇ ಗುಂಪಿಗೆ ಬೀಳುತ್ತಾರೆ, ಮಾತೆಲ್ಲ ಒಬ್ಬರದೇ ಆಗುತ್ತದೆ. 18 ದಾಟದವರಿಗೆ ಪೋಷಕರ ಲಿಖಿತ ಒಪ್ಪಿಗೆ, ಜೊತೆಗೊಬ್ಬ ಹೊಣೆಗಾರ ಹಿರಿಯರು, ಬೇರೆ ಕೋಣೆ ಕಡ್ಡಾಯ. ಫೋಟೊಗೆ ಪ್ರತ್ಯೇಕ ಒಪ್ಪಿಗೆ ಪಡೆಯಿರಿ.

20 ದೇಶಗಳಿಂದ ಮೂವರಂತೆ 60 ಮಂದಿ ಸಾಕು. ದೇಶಕ್ಕೊಬ್ಬರನ್ನೇ ಕರೆದರೆ ಊರಿಗೆ ಮರಳಿದ ಮೇಲೆ ಆ ಒಬ್ಬರು ಒಂಟಿಯಾಗಿ ಸುಮ್ಮನಾಗುತ್ತಾರೆ. ಅರ್ಜಿಯನ್ನು ಇಂಗ್ಲಿಷಿನಲ್ಲಷ್ಟೇ ಕೇಳಿದರೆ ಈಗಾಗಲೇ ಐದು ಸಮಾವೇಶ ಸುತ್ತಿದವರೇ ಮತ್ತೆ ಬರುತ್ತಾರೆ. ಅವರವರ ಭಾಷೆಯಲ್ಲಿ ಎರಡು ನಿಮಿಷದ ಧ್ವನಿಮುದ್ರಣ ಕಳಿಸಲು ಅವಕಾಶ ಕೊಡಿ. ಮೂರನೇ ಒಂದು ಭಾಗವನ್ನು ಕಾಯಿಲೆಯೊಂದಿಗೆ ಬದುಕುತ್ತಿರುವವರಿಗೆ, ಅಂಗವಿಕಲರಿಗೆ, ಓದು ಬಿಟ್ಟವರಿಗೆ ಮೀಸಲಿಡಿ.

ವೀಸಾ: ಹೆಚ್ಚಿನವರು ಎಡವುವುದು ಇಲ್ಲೇ

ಪ್ರತಿನಿಧಿಗಳ ಆಯ್ಕೆ ಐದು ತಿಂಗಳ ಮುಂಚೆ ಮುಗಿಯಲಿ. ಷೆಂಗೆನ್ ದೇಶಗಳ (ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳು) ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಹಿಡಿಯುತ್ತದೆ. ಸಂದರ್ಶನಕ್ಕೆ ದಿನ ಸಿಗುವ ಕಾಯುವಿಕೆ ಇದರ ಲೆಕ್ಕಕ್ಕೆ ಬರುವುದಿಲ್ಲ.

ಆಹ್ವಾನ ಪತ್ರ ಹೀಗಿರಲಿ: ಪಾಸ್‌ಪೋರ್ಟಿನಲ್ಲಿರುವಂತೆಯೇ, ಒಂದಕ್ಷರವೂ ಬದಲಾಗದ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಬರುವ ಹೋಗುವ ದಿನಾಂಕ, ಉಳಿಯುವ ಜಾಗದ ವಿಳಾಸ, ವಿಮಾನ, ವಸತಿ, ಊಟ, ವಿಮೆ ಇವುಗಳಲ್ಲಿ ಯಾವುದರ ಖರ್ಚು ಯಾರದು ಎಂಬ ಪ್ರತ್ಯೇಕ ಸಾಲುಗಳು, ಸಹಿ ಮಾಡಿದವರ ಹುದ್ದೆ ಮತ್ತು ಫೋನು. "ಖರ್ಚು ನಾವು ನೋಡಿಕೊಳ್ಳುತ್ತೇವೆ" ಎಂಬ ಒಂದೇ ಸಾಲು ಸಾಲದು. ವೀಸಾ ಸಿಗದವರ ಬದಲಿಗೆಂದು ಪ್ರತಿ ದೇಶದಿಂದ ಇನ್ನೊಬ್ಬರನ್ನು ಕಾಯ್ದಿರಿಸಿ, ಅವರ ಕಾಗದವನ್ನೂ ಜೊತೆಜೊತೆಗೇ ಓಡಿಸಿ. ಹಳದಿ ಜ್ವರದ ಲಸಿಕೆ ಕೇಳುವ ದೇಶಗಳಿವೆ; ಪ್ರಮಾಣಪತ್ರಕ್ಕೆ ಮಾನ್ಯತೆ ಬರುವುದು ಲಸಿಕೆ ಹಾಕಿಸಿದ 10 ದಿನದ ನಂತರ. ಹಿಂದಿನ ದಿನ ಚುಚ್ಚಿಸಿಕೊಂಡು ಹೊರಟವರನ್ನು ವಿಮಾನ ನಿಲ್ದಾಣದಲ್ಲೇ ತಡೆಯಬಹುದು.

"ಮೊದಲು ನೀವು ಖರ್ಚು ಮಾಡಿ, ಆಮೇಲೆ ಕೊಡುತ್ತೇವೆ" ಎಂಬ ಪದ್ಧತಿ ಬೇಡವೇ ಬೇಡ. ಕೈಯಲ್ಲಿ ದುಡ್ಡಿಲ್ಲದವರನ್ನು ಅದು ಸದ್ದಿಲ್ಲದೆ ಹೊರಗಿಡುತ್ತದೆ. ವೀಸಾ ಶುಲ್ಕವನ್ನು ಮುಂಗಡ ಕಳಿಸಿ, ದಿನಭತ್ಯೆಯನ್ನು ಮೊದಲ ದಿನವೇ ಕೈಗಿಡಿ.

ಹಣ ಯಾರಿಂದ ಬರುತ್ತದೆ ಎಂಬುದಕ್ಕೂ ಜರಡಿ ಬೇಕು. ತಂಬಾಕು ನಿಯಂತ್ರಣದ ಅಂತಾರಾಷ್ಟ್ರೀಯ ಒಪ್ಪಂದ (2005ರಿಂದ ಜಾರಿಯಲ್ಲಿದೆ) ತನ್ನ 5.3ನೇ ವಿಧಿಯಲ್ಲಿ, ಆರೋಗ್ಯ ನೀತಿಯನ್ನು ತಂಬಾಕು ಉದ್ಯಮದ ಹಿತಾಸಕ್ತಿಗಳಿಂದ ಕಾಪಾಡಬೇಕು ಎನ್ನುತ್ತದೆ. ಮದ್ಯ, ಸಿಹಿ ಪಾನೀಯ, ಶಿಶು ಆಹಾರದ ಕಂಪನಿಗಳಿಗೂ ಇದೇ ಜರಡಿ ಹಿಡಿಯಿರಿ. ಪ್ರಾಯೋಜಕರ ಮಾತೃಸಂಸ್ಥೆ, ಪ್ರತಿಷ್ಠಾನ, ಪಾಲುದಾರರ ವಿವರವನ್ನು ಬರಹದಲ್ಲಿ ಪಡೆಯಿರಿ. ಬೇಡದ ಹಣ ಬರುವುದು ಹೆಚ್ಚಾಗಿ ಪ್ರತಿಷ್ಠಾನದ ಹೆಸರಲ್ಲೇ.

ಸಭೆಯ ಒಳಗೆ

ಏಕಕಾಲಿಕ ಅನುವಾದಕ್ಕೆ ಪ್ರತಿ ಭಾಷಾಜೋಡಿಗೆ ಇಬ್ಬರು ಅನುವಾದಕರು ಬೇಕು. 20–30 ನಿಮಿಷಕ್ಕೊಮ್ಮೆ ಬದಲಾಗದಿದ್ದರೆ ತಪ್ಪುಗಳು ನುಸುಳುತ್ತವೆ. ಭಾಷಣದ ಪ್ರತಿ, ಪಾರಿಭಾಷಿಕ ಪದಗಳ ಪಟ್ಟಿ ವಾರ ಮೊದಲೇ ಅವರ ಕೈ ಸೇರಲಿ. ಅವರಿಗೆ ದೊಡ್ಡ ಶತ್ರು ವೇಗವಾಗಿ ಓದುವ ಭಾಷಣಕಾರ.

ಸಂಶೋಧಕ ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪ್ರಬಂಧದಲ್ಲಿ ಮಕ್ಕಳ ಭಾಗವಹಿಸುವಿಕೆಯ ಎಂಟು ಮೆಟ್ಟಿಲುಗಳಿವೆ. ಕೆಳಗಿನ ಮೂರು ಮೆಟ್ಟಿಲು, ಅಂದರೆ ಬಳಸಿಕೊಳ್ಳುವುದು, ಅಲಂಕಾರಕ್ಕಿಡುವುದು, ಹೆಸರಿಗಷ್ಟೇ ಕೂರಿಸುವುದು, ಭಾಗವಹಿಸುವಿಕೆಯೇ ಅಲ್ಲ. ನಿಮ್ಮದು ಯಾವ ಮೆಟ್ಟಿಲು ಎಂದು ತಿಳಿಯಲು ಒಂದೇ ಪರೀಕ್ಷೆ: ಕಾರ್ಯಸೂಚಿಯನ್ನು ಬದಲಿಸುವ ಅಧಿಕಾರ ಯಾರಿಗಿದೆ? ಮಂತ್ರಿಗಳಿಗೆ 10 ನಿಮಿಷ ಮಾತು, 20 ನಿಮಿಷ ಪ್ರಶ್ನೋತ್ತರ ಎಂದು ಆಹ್ವಾನದಲ್ಲೇ ತಿಳಿಸಿ.

ಘೋಷಣೆಯ ಕರಡನ್ನು ಕೊನೆಯ ರಾತ್ರಿ ಕೂತು ಬರೆಯುವುದು ಹಳೇ ಚಾಳಿ. ಆಗ ಇಂಗ್ಲಿಷ್ ಬಲ್ಲ ನಾಲ್ವರ ಬರಹಕ್ಕೆ ಉಳಿದವರದು ಚಪ್ಪಾಳೆ ಮಾತ್ರ. ಆರು ಮಂದಿಯ ಕರಡು ಸಮಿತಿ ಒಂದು ಪುಟದ ಕರಡನ್ನು ಮೂರು ವಾರ ಮೊದಲೇ ಎಲ್ಲರಿಗೂ ಕಳಿಸಲಿ. ಮೊದಲ ದಿನ ಓದು. ತಿದ್ದುಪಡಿಗೆ ಎರಡನೇ ದಿನ ಸಂಜೆ 6ರ ಗಡುವು. ಮೂರನೇ ದಿನ ಪರದೆಯ ಮೇಲೆ ಸಾಲುಸಾಲಾಗಿ ಒಪ್ಪಿಗೆ. ಒಪ್ಪಿಗೆಯಾಗದ ಪದವನ್ನು ಚೌಕಾವರಣದಲ್ಲಿಟ್ಟು ಮುಂದೆ ಹೋಗಿ, ಕೊನೆಗೆ ಅವನ್ನಷ್ಟೇ ಎತ್ತಿಕೊಳ್ಳಿ. "ನಿಮಗೆ ಇಷ್ಟವೇ?" ಎಂದು ಕೇಳಬೇಡಿ, "ಇದಕ್ಕೆ ಸಹಿ ಹಾಕಲಾರೆ ಎನ್ನುವವರು ಇದ್ದೀರಾ?" ಎಂದು ಕೇಳಿ.

ಏಳಕ್ಕಿಂತ ಹೆಚ್ಚು ಒತ್ತಾಯಗಳು ಬೇಡ. ಆರೋಗ್ಯ ಸಂವರ್ಧನೆ ಕುರಿತ ಅಂತಾರಾಷ್ಟ್ರೀಯ ಒಟ್ಟಾವ ಸನ್ನದು (1986) ಹೇಳುವ ಐದು ಕಾರ್ಯಕ್ಷೇತ್ರಗಳ ಪಕ್ಕದಲ್ಲಿ ಅವನ್ನಿಟ್ಟು ನೋಡಿ: ಆರೋಗ್ಯಪೂರಕ ಸಾರ್ವಜನಿಕ ನೀತಿ, ಬೆಂಬಲಿಸುವ ಪರಿಸರ, ಸಮುದಾಯದ ಕ್ರಿಯಾಶೀಲತೆ, ವೈಯಕ್ತಿಕ ಕೌಶಲ, ಆರೋಗ್ಯ ಸೇವೆಗಳ ಮರುಹೊಂದಿಕೆ. ಯುವ ಘೋಷಣೆಗಳು ಪದೇಪದೇ ನಾಲ್ಕನೆಯದರಲ್ಲೇ ಜಾರಿ ಬೀಳುತ್ತವೆ. ಕರಡಿನಲ್ಲಿ "ಜಾಗೃತಿ ಮೂಡಿಸಬೇಕು" ಎಂದಿರುವ ಕಡೆಯೆಲ್ಲ ಗೀಟು ಎಳೆದು ನೋಡಿ. ಉಳಿದದ್ದೇ ನಿಜವಾದ ಒತ್ತಾಯ.

ತಮ್ಮ ಕಾಯಿಲೆಯ ಬಗ್ಗೆ ವೇದಿಕೆಯಲ್ಲಿ ಮಾತಾಡುವವರಿಗೆ ಅದನ್ನು ಪ್ರಕಟಣೆಯಿಂದ ಹಿಂಪಡೆಯುವ ಹಕ್ಕಿರಲಿ. ಒಬ್ಬ ಆಪ್ತಸಮಾಲೋಚಕರು, ಒಂದು ನಿಶ್ಶಬ್ದ ಕೋಣೆ ಹತ್ತಿರದಲ್ಲಿರಲಿ.

ಬಜೆಟ್ಟಿನ ಶೇ. 15ರಷ್ಟನ್ನು ಸಮಾವೇಶ ಮುಗಿದ ಮೇಲಿನ ಕೆಲಸಕ್ಕೆಂದೇ ಮುಟ್ಟದೆ ಉಳಿಸಿ. ಹೊರಡುವ ಮುನ್ನ ಪ್ರತಿ ತಂಡ ತನ್ನ ದೇಶದ ಸಚಿವಾಲಯಕ್ಕೆ ಪತ್ರ ಬರೆದು, ಸಲ್ಲಿಸುವವರ ಹೆಸರು, ದಿನಾಂಕ ನಮೂದಿಸಲಿ. ಎರಡು ವಾರದೊಳಗೆ ಸಲ್ಲಿಕೆ, ಸ್ವೀಕೃತಿಯ ಪ್ರತಿ ಸಂಘಟಕರಿಗೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಎರಡನೇ ಪತ್ರ. ಅದರ ಪ್ರತಿ ಶಾಸನಸಭೆಯ ಆರೋಗ್ಯ ಸಮಿತಿಗೆ, ಇನ್ನೊಂದು ಆರೋಗ್ಯ ವಿಷಯ ಬರೆಯುವ ಪತ್ರಕರ್ತರಿಗೆ.